ಹರಾಜು ಕೂಗುವವನ ಮನೆಗೆ ಬಂದ ಗಿಳಿ

ನಮ್ಮ ಪಕ್ಕದ ಮನೆಯ ಲಮೀನ್ ಕರ್ರಾಯ್ ಬಾಯಿ ತೆರೆದರೆ ಗ್ರೆಮ್ದಾ ರಸ್ತೆಯ ಈ ಓಣಿಯಲ್ಲಿ ಯಾರ ಮನೆಯ ರೇಡಿಯೋ ಯಾರಿಗೂ ಕೇಳಿಸುತ್ತಿರಲಿಲ್ಲ. ಅವನನ್ನು ದೂರುವಂತೆಯೂ ಇರಲಿಲ್ಲ, ಅವನ ಹೊಟ್ಟೆಪಾಡು ನಡೆಯುತ್ತಿದ್ದದ್ದೇ ಗಂಟಲಿನಿಂದ. ಸ್ಫಾಕ್ಸ್ ಬಂದರಿನ ಮೀನು ಮಾರುಕಟ್ಟೆಯಲ್ಲಿ ಅವನು ಹರಾಜು ಕೂಗುವ ದಲ್ಲಾಳಿ. ದೋಣಿಗಳಿಂದ ಪೆಟ್ಟಿಗೆಗಳು ಇಳಿಯುವ ಹೊತ್ತಿಗೆ ಒಂದು ಕಲ್ಲುಕಟ್ಟೆಯ ಮೇಲೆ ಹತ್ತಿ ನಿಂತನೆಂದರೆ, ಐಸ್ ಒಡೆಯುವ ಸದ್ದು, ಲಾರಿಯ ಹಾರನ್ನು, ಸೀಗಲ್ ಹಕ್ಕಿಗಳ ಗಲಾಟೆ ಎಲ್ಲದರ ಮೇಲೂ ಅವನ ದನಿಯೊಂದೇ ಸವಾರಿ ಮಾಡುತ್ತಿತ್ತು. ಮನೆಗೆ ಬಂದಮೇಲೂ ಆ ದನಿಯನ್ನು ಇಳಿಸುವುದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಹೆಂಡತಿ ಫತ್ತೂಮಾಳ ಹತ್ತಿರ ಉಪ್ಪು ಕೇಳಿದರೂ ಹರಾಜಿಗಿಟ್ಟಂತೆಯೇ ಕೇಳುತ್ತಿದ್ದ.

ಹೋದ ವರ್ಷ ಆಲಿವ್ ಕೊಯ್ಲಿಗೆ ಸ್ವಲ್ಪ ಮುಂಚೆ ಆ ಗಂಟಲು ಕೈಕೊಟ್ಟಿತು. ಒಳಗೆ ಗಂಟು ಕಟ್ಟಿಕೊಂಡಿತ್ತು. ಆಸ್ಪತ್ರೆಯಲ್ಲಿ ಅದನ್ನು ತೆಗೆದ ಡಾಕ್ಟರು, ಚಳಿಗಾಲ ಮುಗಿಯುವವರೆಗೆ ಕೂಗುವಂತಿಲ್ಲ, ಪಿಸುಗುಟ್ಟುವಂತೆಯೂ ಇಲ್ಲ, ಮಾತಾಡಲೇಬೇಕಾದರೆ ಮೆಲ್ಲಗೆ ನಾಲ್ಕು ಮಾತು ಅಂತ ಹೇಳಿ ಕಳಿಸಿದರು. ಲಮೀನ್ ಮನೆಯಲ್ಲಿ ಕೂತ. ಅಂಗಳದ ಕುರ್ಚಿಯಲ್ಲಿ ಗಂಟುಮುಖ ಹಾಕಿಕೊಂಡು, ದಿನಕ್ಕೆ ಹತ್ತು ಸಲ ಗಡಿಯಾರ ನೋಡಿಕೊಂಡು ಕೂತ. ಫತ್ತೂಮಾ ಮಾತ್ರ ಹಬ್ಬ ಬಂದವಳ ಹಾಗಿದ್ದಳು. ಸಂಜೆ ಚಹಾಕ್ಕೆಂದು ನಾನು ಹೋದಾಗ ಕಿವಿಯ ಹತ್ತಿರ ಬಾಗಿ ಹೇಳಿದಳು:

"ಮುನೀರಾ, ಮದ್ವೆ ಆದಾಗಿಂದ ಇದೇ ಮೊದ್ಲು ಕಣೇ, ನನ್ನ ಬಳೆ ಸದ್ದು ನನಗೇ ಕೇಳಿಸ್ತಿರೋದು."

ಆ ದಿನಗಳಲ್ಲೇ ಒಂದು ಮಧ್ಯಾಹ್ನ ನಝೀಹಾ ಬಂದಳು. ಅವಳು ಫತ್ತೂಮಾಳ ದೊಡ್ಡಮ್ಮನ ಮಗಳಾದ ದಲಂದಾಳ ಮಗಳು. ದಲಂದಾ ತೀರಿಕೊಂಡು ಒಂದು ವರ್ಷದ ಮೇಲಾಗಿತ್ತು. ನಝೀಹಾ ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಯಾವಾಗಲೂ ಓಡುನಡಿಗೆಯಲ್ಲೇ ಇರುವವಳು. ಅವತ್ತು ನಿಧಾನವಾಗಿ, ಎರಡೂ ಕೈಯಲ್ಲಿ ಹಾಸಿಗೆಯ ಬಟ್ಟೆ ಮುಚ್ಚಿದ ಒಂದು ಪಂಜರ ಹಿಡಿದುಕೊಂಡು ಬಂದಳು.

ಬಟ್ಟೆ ತೆಗೆದಾಗ ನಾನು ಅಲ್ಲೇ ಇದ್ದೆ. ಒಳಗಿದ್ದದ್ದು ದಲಂದಾಳ ಬೂದು ಗಿಳಿ ಮರ್ಜಾನ್. ಮರ್ಜಾನ್ ಅಂದರೆ ಹವಳ, ಬಾಲ ಆ ಕೆಂಪಿನದಾಗಿದ್ದರಿಂದ ಅವಳಿಟ್ಟ ಹೆಸರು ಅದು. ದಲಂದಾಳ ಹೆಗಲ ಮೇಲೆ ಕೂತು ಬಂದವರಿಗೆಲ್ಲ ಸೀಟಿ ಹೊಡೆಯುತ್ತಿದ್ದ ಹಕ್ಕಿಯನ್ನು ನಾವೆಲ್ಲ ನೋಡಿದ್ದೆವು. ಈಗ ಎದೆ, ತೊಡೆ, ರೆಕ್ಕೆಯ ಬುಡ ಎಲ್ಲ ಬೋಳು. ಅಂಗಡಿಯಲ್ಲಿ ಪುಕ್ಕ ತರಿದು ತೂಗುಹಾಕಿದ ಕೋಳಿಯ ಚರ್ಮದಂತೆ ಕಾಣುತ್ತಿತ್ತು. ಪುಕ್ಕಗಳನ್ನು ತಾನೇ ಕೊಕ್ಕಿನಿಂದ ಕಿತ್ತುಕೊಂಡಿತ್ತು. ಬಾಲದಲ್ಲಿ ಒಂದೋ ಎರಡೋ ಕೆಂಪು ಗರಿ ಉಳಿದಿದ್ದವು. ನಮ್ಮನ್ನು ಕಂಡದ್ದೇ ಪಂಜರದ ಹಿಂದಿನ ಮೂಲೆಗೆ ಒತ್ತಿಕೊಂಡು ಗುರ್‍ರೆಂದಿತು.

"ಅಮ್ಮ ಹೋದ್ಮೇಲೆ ಬರೀ ಕಿರುಚ್ತಿದ್ದ ಚಿಕ್ಕಮ್ಮ," ಎಂದಳು ನಝೀಹಾ. "ಅಪಾರ್ಟ್‌ಮೆಂಟಲ್ಲಿ ಮೇಲಿನೋರು ಕೆಳಗಿನೋರು ಎಲ್ಲ ಜಗಳಕ್ಕೆ ಬಂದ್ರು. ಬಟ್ಟೆ ಒಗೆಯೋ ರೂಮಲ್ಲಿ ಇಟ್ವಿ. ಆಮೇಲೆ ಕಿರುಚೋದು ನಿಲ್ಲಿಸ್ದ, ಪುಕ್ಕ ಕೀಳೋಕೆ ಶುರು ಮಾಡ್ದ."

"ನಮ್ಮನೇಗೇ ಯಾಕೆ ತಂದ್ಯೇ ಮಗಳೇ?"

"ಈಗ ಈ ಊರಲ್ಲಿ ನಿಮ್ಮನೆಯಷ್ಟು ಸದ್ದಿಲ್ಲದ ಮನೆ ಇನ್ನೊಂದಿಲ್ವಲ್ಲ ಚಿಕ್ಕಮ್ಮ."

ಫತ್ತೂಮಾ ನಗು ತಡೆಯಲಾರದೆ ಗಂಡನ ಕಡೆ ನೋಡಿದಳು. ಲಮೀನ್ ಎದ್ದು ಬಂದು, ಪಂಜರವನ್ನು ಒಂದು ಸುತ್ತು ಹಾಕಿ, ಮಾಲು ನೋಡುವವನ ಹಾಗೆ ತಲೆ ವಾಲಿಸಿ ಮೆಲ್ಲಗೆ ಹೇಳಿದ:

"ಮರ್ಜಾನ್ ಅನ್ನೋ ಮೀನನ್ನ ಪೆಟ್ಟಿಗೆಗಟ್ಲೆ ಕೂಗಿ ಮಾರಿದೀನಿ. ಇಂಥ ಮಾಲು ಬಂದಿದ್ರೆ ಹರಾಜಿಗೇ ಇಡ್ತಿರ್ಲಿಲ್ಲ. ಇರ್ಲಿ ಬಿಡು, ಬಿಟ್ಟು ಹೋಗು."

ನಝೀಹಾ ಹೋದಮೇಲೆ ಅವನು ಮಾಡಿದ ಮೊದಲ ಕೆಲಸವೇ ತಪ್ಪು. ಪಂಜರದ ಬಾಗಿಲು ತೆಗೆದು, ಬಾ ಮರಿ ಅಂತ ಒಳಗೆ ಕೈ ಹಾಕಿದ. ಗಿಳಿ ಹೆಬ್ಬೆರಳ ಬುಡ ಹಿಡಿದು ಕಚ್ಚಿತು. ಲಮೀನ್ ಬಾಯಿ ಅಗಲವಾಗಿ ತೆರೆದ, ಕುತ್ತಿಗೆಯ ನರ ಉಬ್ಬಿತು. ಅಷ್ಟರಲ್ಲಿ ಡಾಕ್ಟರ ಮಾತು ನೆನಪಾಯಿತೇನೋ, ಬರೀ ಗಾಳಿ ಬಂತು. ಫತ್ತೂಮಾ ನಕ್ಕು ನಕ್ಕು ನೆಲಕ್ಕೆ ಕೂತಳು. ಆಮೇಲೆ ಅವಳೇ ಬಟ್ಟೆ ಹರಿದು ಕಟ್ಟಿದಳು.

ಮಾರನೆಯ ದಿನ ಹಕ್ಕಿಯನ್ನು ಡಾಕ್ಟರ್ ಇನ್ಸಾಫ್ ಹತ್ತಿರ ಒಯ್ದರು. ಬೆಕ್ಕು, ಕುರಿ, ಹಬ್ಬದ ಟಗರು ಎಲ್ಲ ಬರುವ ಚಿಕಿತ್ಸಾಲಯ ಅದು. ಆಕೆ ಹಕ್ಕಿಯನ್ನು ಟವೆಲಿನಲ್ಲಿ ಸುತ್ತಿ ನೋಡಿದರು, ರಕ್ತ ತೆಗೆದರು. ಹೇನಿಲ್ಲ, ಉಣುಗಿಲ್ಲ, ಸೋಂಕಿಲ್ಲ. ಬರೀ ಸೂರ್ಯಕಾಂತಿ ಬೀಜ ತಿಂದು ಪಿತ್ತಜನಕಾಂಗಕ್ಕೆ ಸ್ವಲ್ಪ ಕೊಬ್ಬು ಹಿಡಿದಿದೆ. ಉಳಿದದ್ದು ಹೆದರಿಕೆ ಮತ್ತು ಬೇಸರ.

"ಪಂಜರನ ಗೋಡೆಗೆ ಒತ್ತಿ ಇಡಿ, ಬೆನ್ನ ಹಿಂದೆ ಯಾರೂ ಬರಲ್ಲ ಅಂತ ಅವನಿಗೆ ಗೊತ್ತಾಗ್ಲಿ," ಎಂದರು ಡಾಕ್ಟರು. "ಬೀಜನ ಒಂದೇ ಸಲ ನಿಲ್ಲಿಸ್ಬೇಡಿ, ಸೊಪ್ಪು, ಬೇಯಿಸಿದ ಕಾಳು, ಹಣ್ಣು ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಅಗಿಯೋಕೆ ಮರದ ಕಡ್ಡಿ ಕೊಡಿ. ಮತ್ತೆ ಲಮೀನ್ ಸಾಹೇಬ್ರೇ, ನೀವು ಅವನ ಹತ್ರ ಹೋಗ್ಬೇಡಿ. ಅವನೇ ನಿಮ್ಮ ಹತ್ರ ಬರೋ ಹಾಗೆ ಕೂತ್ಕೊಳ್ಳಿ."

"ಎಷ್ಟು ದಿನ ಕೂರ್ಬೇಕು ಡಾಕ್ಟ್ರೇ?"

"ಅದನ್ನ ಅವನೇ ಹೇಳ್ಬೇಕು."

ಲಮೀನನಿಗೆ ಬೇರೆ ಕೆಲಸವೂ ಇರಲಿಲ್ಲ. ಅಂಗಳಕ್ಕೆ ತೆರೆಯುವ ಕೋಣೆಯಲ್ಲಿ, ಕಿಟಕಿಯ ಪಕ್ಕದ ಗೋಡೆಗೆ ಒತ್ತಿ, ಪಂಜರ ಇಟ್ಟರು. ಅವನು ತನ್ನ ಕುರ್ಚಿಯನ್ನು ಬಾಗಿಲ ಹತ್ತಿರ, ಗಿಳಿಗೆ ಓರೆಯಾಗಿ ಹಾಕಿಕೊಂಡು ಕೂತ. ನೇರವಾಗಿ ನೋಡಬಾರದು ಎಂದಿದ್ದರು, ಹಾಗಾಗಿ ಗೋಡೆ ನೋಡಿಕೊಂಡು ಬಾದಾಮಿ ಸುಲಿಯುತ್ತಿದ್ದ. ಗಿಳಿ ಗುರುಗುಟ್ಟುವುದು ನಿಲ್ಲಿಸಿದರೆ ಮಾರನೆಯ ದಿನ ಕುರ್ಚಿಯನ್ನು ಒಂದು ಗೇಣು ಮುಂದಕ್ಕೆ ಸರಿಸುವುದು, ಹೆದರಿದರೆ ಮತ್ತೆ ಹಿಂದಕ್ಕೆ.

ಹಕ್ಕಿಗೆ ತನ್ನ ದನಿ ಅಭ್ಯಾಸ ಆಗಲಿ ಅಂತ ಮೆಲ್ಲಗೆ, ಸ್ವಲ್ಪ ಸ್ವಲ್ಪ ಮಾತಾಡುತ್ತಲೂ ಇರಬೇಕಿತ್ತು. ಏನು ಮಾತಾಡುವುದು? ಅವನಿಗೆ ಗೊತ್ತಿದ್ದದ್ದು ಒಂದೇ. ಹಾಗಾಗಿ ಹರಾಜು ಹಾಕತೊಡಗಿದ. ಸಂಜೆ ನಾನು ಹೋದರೆ ಒಳಗಿಂದ ಜೋಗುಳದಂತೆ ಕೇಳುತ್ತಿತ್ತು: "ನೋಡ್ರಪ್ಪಾ ನೋಡ್ರಿ, ಬೊಂಡಾಸ್ ಮೀನು ಬಂದಿದೆ, ಮೈಯ ಶಾಯಿ ಇನ್ನೂ ಆರಿಲ್ಲ... ಕರ್ಕೆನ್ನಾ ದ್ವೀಪದ ಆಕ್ಟೋಪಸ್ಸು, ಕಲ್ಲಿಗೆ ಬಡಿದು ಮೆತ್ತಗೆ ಮಾಡಿದ್ದು... ಯಾರು ಕೇಳ್ತೀರಿ, ಮರ್ಜಾನ್ ಸಾಹೇಬ್ರು ಕೇಳ್ತಾರಾ?" ಗಿಳಿ ಒಂಟಿ ಕಾಲ ಮೇಲೆ ನಿಂತು, ಒಂದು ಕಣ್ಣು ಅರೆ ಮುಚ್ಚಿ ಕೇಳುತ್ತಿತ್ತು. ಒಂಟಿ ಕಾಲಲ್ಲಿ ನಿಂತರೆ ಹೆದರಿಲ್ಲ ಅಂತ ಅರ್ಥ ಎಂದು ಲಮೀನ್ ನನಗೆ ವಿವರಿಸಿದ, ಅದೂ ಎಂಥ ಮೆಲುದನಿಯಲ್ಲಿ! ಇವನು ನಮ್ಮ ಓಣಿಯ ಲಮೀನನೇ ಅಂತ ನನಗೆ ಅನುಮಾನ ಬಂತು.

ಹೀಗೆ ಒಂದು ಹದಕ್ಕೆ ಬಂತು ಅನ್ನುವಾಗ ಫತ್ತೂಮಾ ಒಂದು ಬೆಳಿಗ್ಗೆ ಆ ಕೋಣೆ ಗುಡಿಸಲು ಹೋದಳು. ಉದ್ದ ಹಿಡಿಯ ಪೊರಕೆ ಬಾಗಿಲಲ್ಲಿ ಕಂಡದ್ದೇ ತಡ, ಗಿಳಿ ಪಂಜರದ ಸರಳುಗಳಿಗೆ ಬಡಿದುಕೊಂಡು ಕಿರುಚಿತು. ಕಿರುಚಾಟಕ್ಕೆ ನಾನು ನನ್ನ ಮನೆಯಿಂದ ಓಡಿ ಬಂದೆ. ರೆಕ್ಕೆಯಲ್ಲಿ ರಕ್ತ ಬಂದಿತ್ತು. ಫತ್ತೂಮಾ ಪೊರಕೆಯನ್ನು ಹಿತ್ತಲಿಗೆ ಎಸೆದು ಬಂದು ಪಂಜರದಿಂದ ದೂರ ನಿಂತಿದ್ದಳು. ಆಮೇಲೆ ನಝೀಹಾಳಿಗೆ ಫೋನ್ ಮಾಡಿದಳು.

"ಮಗಳೇ, ಪೊರಕೆ ಕಂಡ್ರೆ ಇವನು ಯಾಕೆ ಹೀಗಾಡ್ತಾನೆ?"

ನಝೀಹಾ ಹೇಳಿದಳಂತೆ: "ಕಿರುಚಿದಾಗ ರಿದಾ ಅದರಲ್ಲೇ ಪಂಜರಕ್ಕೆ ಬಡೀತಿದ್ರು ಚಿಕ್ಕಮ್ಮ. ನಾನೂ ಬೇಡ ಅನ್ಲಿಲ್ಲ. ನನಗೂ ಸಾಕಾಗಿತ್ತು." ರಿದಾ ಅವಳ ಗಂಡ.

ಫತ್ತೂಮಾ ಬಯ್ಯಲಿಲ್ಲ. ಫೋನಿಟ್ಟು ಬಂದು, ಅವತ್ತಿನಿಂದ ಆ ಕೋಣೆಯನ್ನು ಮೊಣಕಾಲೂರಿ ಒದ್ದೆ ಬಟ್ಟೆಯಿಂದ ಒರೆಸತೊಡಗಿದಳು. ಅಲ್ಲಿಯವರೆಗೆ ಗಂಡನ ಆಟ ಎಂದುಕೊಂಡಿದ್ದವಳು ಆಮೇಲೆ ತಾನೂ ಸೇರಿಕೊಂಡಳು. ಹೊಸ ತಿನಿಸು ಕಲಿಸಿದವಳು ಅವಳೇ. ಬಟ್ಟಲಿನಲ್ಲಿ ದಾಳಿಂಬೆ ಇಟ್ಟರೆ ಗಿಳಿ ಮೂಸಿಯೂ ನೋಡುತ್ತಿರಲಿಲ್ಲ. ಇವಳು ಪಂಜರದ ಎದುರು ಕೂತು, ಒಂದೊಂದೇ ಕಾಳು ಬಾಯಿಗೆ ಹಾಕಿ, "ಆಹಾ, ಏನ್ ಸಿಹಿ! ಯಾರಿಗೂ ಕೊಡಲ್ಲಪ್ಪ ನಾನು," ಎಂದು ಚಪ್ಪರಿಸುತ್ತಿದ್ದಳು. ಕೆಲವು ದಿನ ಗಿಳಿ ಕತ್ತು ಉದ್ದ ಮಾಡಿ ನೋಡಿತು. ಆಮೇಲೆ ಒಮ್ಮೆ ಸರಳಿನ ಸಂದಿನಿಂದ ಕೊಕ್ಕು ಚಾಚಿ ಅವಳ ಬೆರಳಿನಿಂದಲೇ ಒಂದು ಕಾಳು ಎತ್ತಿಕೊಂಡಿತು. ಬೆರಳು ಕಚ್ಚಲಿಲ್ಲ. ಫತ್ತೂಮಾ ಅಲುಗಾಡದೆ ಕೂತಿದ್ದಳು, ಕಣ್ಣಲ್ಲಿ ನೀರು.

"ನನಗಿಂತ ಮೊದ್ಲು ನಿನ್ನ ಕೈಯಿಂದ ತಿಂದ್ನಲ್ಲ," ಎಂದು ಲಮೀನ್ ಮುನಿಸಿಕೊಂಡ.

"ನೀನು ಬರೀ ಮೀನಿನ ರೇಟ್ ಹೇಳ್ತೀಯ ಮಾರಾಯ. ಹೊಟ್ಟೆ ತುಂಬತ್ತಾ ಅದ್ರಲ್ಲಿ?"

ಆಲಿವ್ ಕೊಯ್ಲು ಮುಗಿದು ಮರಗಳನ್ನು ಸವರುವ ಕಾಲ ಬಂತು. ಲಮೀನ್ ತಮ್ಮನ ತೋಟದಿಂದ ಔಷಧಿ ಹೊಡೆಯದ ಆಲಿವ್ ಕೊಂಬೆಗಳನ್ನು ತಂದು, ತೊಳೆದು ಒಣಗಿಸಿ, ಪಂಜರದೊಳಗೆ ಕಟ್ಟಿದ. ಗಿಳಿ ಎರಡು ದಿನ ದೂರ ನಿಂತು ನೋಡಿ, ಮೂರನೆಯ ದಿನ ತೊಗಟೆ ಸುಲಿಯಲು ಕೂತಿತು. ಸಂಜೆಯ ಹೊತ್ತಿಗೆ ನೆಲದ ತುಂಬ ಮರದ ಪುಡಿ. ಅದನ್ನು ಒರೆಸುವಾಗ ಫತ್ತೂಮಾ ಎಂದೂ ಗೊಣಗಲಿಲ್ಲ. ಕೊಕ್ಕಿಗೆ ಮರ ಸಿಕ್ಕಮೇಲೆ ಪುಕ್ಕದ ತಂಟೆಗೆ ಹೋಗುವುದು ಕಡಿಮೆಯಾಯಿತು. ಬಿಸಿಲಿದ್ದ ದಿನ ಸಣ್ಣ ಹನಿಯ ನೀರು ಸಿಂಪಡಿಸಿದರೆ ರೆಕ್ಕೆ ಬಿಚ್ಚಿ ನಿಲ್ಲುತ್ತಿತ್ತು. ಬೋಳು ಎದೆಯ ಮೇಲೆ ಸಣ್ಣ ಸಣ್ಣ ಮೊಳೆಯಂಥ ಹೊಸ ಗರಿಗಳು ಕಾಣಿಸಿಕೊಂಡವು.

ಇಷ್ಟಾದರೂ ಅದು ಒಂದು ಮಾತೂ ಆಡಿರಲಿಲ್ಲ. ಲಮೀನ್ ದಿನಾ ಬೆಳಿಗ್ಗೆ ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸುತ್ತಿದ್ದ. ಒಂದು ದಿನ ಫತ್ತೂಮಾ ಅಡುಗೆಮನೆಯಿಂದ, "ಎಷ್ಟೊತ್ತು ಗಳಗಳ ಅಂತೀಯ? ಬಾ, ರೊಟ್ಟಿ ಆರ್ತಿದೆ," ಎಂದು ಕರೆದಳು. ಲಮೀನ್ ಆಗಲೇ ಅವಳ ಹಿಂದೆ ಬಂದು ನಿಂತಿದ್ದ. ಕೋಣೆಯಲ್ಲಿ ಮುಕ್ಕಳಿಸುವ ಸದ್ದು ಮಾತ್ರ ನಡೆದೇ ಇತ್ತು, ಕೊನೆಗೆ "ಥೂ" ಎಂದು ಉಗುಳುವವರೆಗೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆ ದಿನ ಓಣಿಯ ಹೆಂಗಸರೆಲ್ಲ ಅದನ್ನು ಕೇಳಲು ಬಂದು ಹೋದೆವು. ದೊಡ್ಡ ಮಾರ್ಕೆಟ್ಟನ್ನೇ ಆಳಿದ ದನಿಯಲ್ಲಿ ಹಕ್ಕಿ ಆರಿಸಿಕೊಂಡದ್ದು ಇದೊಂದನ್ನೇ ಎಂದು ಎಲ್ಲರೂ ಲಮೀನನನ್ನು ಗೋಳುಹುಯ್ದುಕೊಂಡರು.

ವಸಂತದಲ್ಲಿ ಪಂಜರದ ಬಾಗಿಲು ತೆರೆದೇ ಇರುತ್ತಿತ್ತು. ಲಮೀನ್ ಮುಂಗೈ ಚಾಚಿ, ಇನ್ನೊಂದು ಕೈಯಲ್ಲಿ ಬಾದಾಮಿ ಹಿಡಿದು, ಗೋಡೆ ನೋಡುತ್ತಾ ಕಾಯುತ್ತಿದ್ದ. ಬಂದರೆ ಬಾದಾಮಿ, ಬರದಿದ್ದರೂ ಬೇಸರವಿಲ್ಲ, ಬಟ್ಟಲಿಗೆ ಹಾಕಿ ಎದ್ದು ಹೋಗುತ್ತಿದ್ದ. ಮೊದಲು ಒಂದು ಕಾಲು ಇಟ್ಟು ತೆಗೆಯಿತು. ಆಮೇಲೊಂದು ದಿನ ಎರಡೂ ಕಾಲು ಇಟ್ಟು, ತೋಳಿನ ಮೇಲೆ ನಿಂತು, ಬಾದಾಮಿ ತಿಂದು ಮುಗಿಸಿ, ತೋಳಂಗಿಯ ಗುಂಡಿಯನ್ನೂ ಕಿತ್ತಿತು. ಆ ಗುಂಡಿಯನ್ನು ಹೊಲಿಯಲು ಲಮೀನ್ ಫತ್ತೂಮಾಳಿಗೆ ಬಿಡಲೇ ಇಲ್ಲ.

ಇದೇ ಖುಷಿಯಲ್ಲಿ ಮೈಮರೆತ. ಆಸ್ಪತ್ರೆಯ ಡಾಕ್ಟರು ಅವನ ಗಂಟಲು ನೋಡಿ, ಈಗ ಸ್ವಲ್ಪ ದನಿಯೆತ್ತಬಹುದು ಎಂದಿದ್ದರು. ಅದೇ ಭಾನುವಾರ ಟೀವಿಯಲ್ಲಿ ಫುಟ್‌ಬಾಲ್, ನಮ್ಮ ಊರಿನ ತಂಡ. ಕೊನೆಗಳಿಗೆಯಲ್ಲಿ ಗೋಲು ಬಿತ್ತು. ಲಮೀನ್ ಕುರ್ಚಿಯಿಂದ ಹಾರಿ, ತಿಂಗಳುಗಟ್ಟಲೆ ಕಟ್ಟಿಟ್ಟ ದನಿಯನ್ನೆಲ್ಲ ಒಂದೇ ಸಲ ಹೊರಹಾಕಿದ. ಪಕ್ಕದ ಕೋಣೆಯಲ್ಲಿ ಗಿಳಿ ಕೊಂಬೆಯಿಂದ ಕೆಳಗೆ ಬಿತ್ತು. ಮಾರನೆಯ ದಿನ ನೋಡಿದರೆ ಪಂಜರದ ತಳದ ತುಂಬ ಹೊಸ ಗರಿಗಳು, ಎದೆ ಮತ್ತೆ ಬೋಳು.

ಲಮೀನ್ ಅವತ್ತು ಊಟ ಮಾಡಲಿಲ್ಲ. ನಾನು ಹೋದಾಗ ಬಾಗಿಲ ಹತ್ತಿರ, ಮೊದಲ ದಿನದ ಜಾಗದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. "ಎಲ್ಲ ನಾನೇ ಕೆಡಿಸ್ದೆ ಮುನೀರಾ," ಎಂದ. ಡಾಕ್ಟರ್ ಇನ್ಸಾಫ್ ಫೋನಿನಲ್ಲಿ ಸಮಾಧಾನ ಹೇಳಿದರು: ಹಿಂದಕ್ಕೆ ಹೋಗುತ್ತವೆ, ಆದರೆ ಮೊದಲಿನಷ್ಟು ಹಿಂದಕ್ಕೆ ಹೋಗುವುದಿಲ್ಲ, ಮತ್ತೆ ಕೂತುಕೊಳ್ಳಿ. ಹಾಗೇ ಆಯಿತು. ಒಂದೆರಡು ವಾರಕ್ಕೆಲ್ಲ ಗಿಳಿ ಮತ್ತೆ ತೋಳಿಗೆ ಬಂತು. ಲಮೀನ್ ಮ್ಯಾಚು ನೋಡಲು ರಸ್ತೆ ತುದಿಯ ಕಾಫಿ ಅಂಗಡಿಗೆ ಹೋಗತೊಡಗಿದ.

ಬೇಸಿಗೆಯ ಆರಂಭದಲ್ಲಿ, ಒಂದು ಶುಕ್ರವಾರ, ನಝೀಹಾ ಊಟಕ್ಕೆ ಬಂದಳು. ಗಿಳಿಯನ್ನು ಬಿಟ್ಟುಹೋದಮೇಲೆ ಅದೇ ಮೊದಲ ಸಲ. ಅದು ಕುರ್ಚಿಯ ಬೆನ್ನಿನ ಮೇಲೆ ಕೂತಿತ್ತು. ಇವಳು ಬಾಗಿಲಲ್ಲೇ, ಒಳಗೆ ಬರಲೋ ಬೇಡವೋ ಎಂದು ನಿಂತಳು. ಗಿಳಿ ಅವಳನ್ನು ಒಂದು ಕಣ್ಣಲ್ಲಿ ನೋಡಿತು, ಇನ್ನೊಂದು ಕಣ್ಣಲ್ಲಿ ನೋಡಿತು. ಆಮೇಲೆ ದಲಂದಾಳ ದನಿಯಲ್ಲಿ, ಆ ಸಣ್ಣ ಕೆಮ್ಮಿನ ಸಮೇತ, ಹೇಳಿತು:

"ನಝೀಹಾ, ಬಾಗ್ಲು ಹಾಕೇ, ಬೆಕ್ಕು ಒಳಗ್ ಬರತ್ತೆ."

ಕುಸ್‌ಕುಸ್ ಬಡಿಸುತ್ತಿದ್ದ ಫತ್ತೂಮಾಳ ಕೈ ಹಾಗೇ ನಿಂತಿತು. ನಝೀಹಾ ತಿರುಗಿ ಬಾಗಿಲು ಹಾಕಿದಳು, ಆಮೇಲೆ ಅದಕ್ಕೇ ಒರಗಿಕೊಂಡು ಮಗುವಿನ ಹಾಗೆ ಅತ್ತಳು. ಗಿಳಿ ಮತ್ತೆರಡು ಸಲ ಅದನ್ನೇ ಹೇಳಿತು.

ಊಟವಾದಮೇಲೆ ಅವಳು ಮೆಲ್ಲಗೆ ಕೇಳಿದಳು: "ಚಿಕ್ಕಪ್ಪ, ನಾನು ಇವನನ್ನ ವಾಪಸ್ ಕರ್ಕೊಂಡು ಹೋಗ್ಲಾ? ರಿದಾ ಹತ್ರ ಮಾತಾಡ್ತೀನಿ. ಈ ಸಲ ಚೆನ್ನಾಗಿ ನೋಡ್ಕೋತೀವಿ."

ಲಮೀನ್ ಫತ್ತೂಮಾಳ ಮುಖ ನೋಡಿದ. ಫತ್ತೂಮಾ ತಟ್ಟೆಯಲ್ಲಿದ್ದ ಕಡಲೆಕಾಳುಗಳನ್ನು ಒಂದು ಕಡೆ ಸರಿಸುತ್ತಾ ಕೂತಳು. ಇವರಿಬ್ಬರೂ ಬೇಡ ಎನ್ನುತ್ತಾರೆ ಅಂತ ನಾನು ಕಾದೆ.

"ನಿಮ್ಮಮ್ಮನ ಹಕ್ಕಿ," ಎಂದ ಲಮೀನ್ ಕೊನೆಗೆ. "ನಾವು ಹೇಗೆ ಇಲ್ಲ ಅನ್ನೋದು? ಆದ್ರೆ ಇವತ್ತೇ ಬೇಡ. ಮುಂದಿನ ಶುಕ್ರವಾರ ಬಾ, ಅದರ ಮುಂದಿನ ಶುಕ್ರವಾರನೂ ಬಾ. ಇಲ್ಲಿ ಕೂತ್ಕೋ. ನಿನ್ನ ಹತ್ರ ಅವನಾಗೇ ಬಂದ್ರೆ ಕರ್ಕೊಂಡು ಹೋಗು."

ಅವಳು ಬಂದಳು. ಪ್ರತಿ ಶುಕ್ರವಾರ ಬಂದು, ಲಮೀನ್ ಹೇಳಿಕೊಟ್ಟ ಹಾಗೆ ಗೋಡೆ ನೋಡಿಕೊಂಡು ಬಾದಾಮಿ ಸುಲಿದಳು. ಬ್ಯಾಂಕಿನ ಓಡುನಡಿಗೆಯವಳು ಅರ್ಧ ದಿನ ಸುಮ್ಮನೆ ಕೂರುವುದು ಕಲಿತಳು. ಗಿಳಿ ಅವಳ ಕೈಯಿಂದ ತಿಂದಿತು. ಒಮ್ಮೆ ತಲೆ ಬಗ್ಗಿಸಿ ಕತ್ತು ಕೆರೆಯಲೂ ಬಿಟ್ಟಿತು. ಆಮೇಲೆ ಅವಳು ಒಂದು ಶುಕ್ರವಾರ ಒಯ್ಯುವ ಪೆಟ್ಟಿಗೆ ತಂದಳು. ಒಳಗೆ ಹೊಸ ಕೊಂಬೆ ಕಟ್ಟಿದ್ದಳು, ದಾಳಿಂಬೆ ಇಟ್ಟಿದ್ದಳು. ಗಿಳಿ ಅದನ್ನು ಕಂಡು ಗರಿಗಳನ್ನೆಲ್ಲ ಮೈಗೆ ಒತ್ತಿಕೊಂಡು ತೆಳ್ಳಗಾಯಿತು. ನಡುಗುತ್ತಾ ಲಮೀನನ ತೋಳು ಹತ್ತಿ, ಅವನ ಕತ್ತಿನ ಮಡಿಕೆಗೆ ತಲೆ ತೂರಿಸಿತು. ಅವನು ಕೈ ಎತ್ತಲಿಲ್ಲ, ತಡೆಯಲಿಲ್ಲ, ಕರೆಯಲೂ ಇಲ್ಲ.

ನಝೀಹಾ ಪೆಟ್ಟಿಗೆಯ ಬಾಗಿಲು ತಾನೇ ಮುಚ್ಚಿದಳು.

"ಬೇಡ ಚಿಕ್ಕಪ್ಪ. ಇಲ್ಲೇ ಇರ್ಲಿ. ನಾನೇ ಬರ್ತೀನಿ."

"ಬರೀ ಕೈಯಲ್ಲಿ ಬರ್ಬೇಡ ಮತ್ತೆ," ಎಂದಳು ಫತ್ತೂಮಾ, ಮೂಗು ಒರೆಸಿಕೊಳ್ಳುತ್ತಾ. "ನಿಮ್ಮಮ್ಮ ಮಾಡ್ತಿದ್ದ ಎಳ್ಳಿನ ಉಂಡೆ ಮಾಡ್ಕೊಂಡು ಬಾ."

ಶರತ್ಕಾಲಕ್ಕೆ ಲಮೀನ್ ಮಾರುಕಟ್ಟೆಗೆ ಹಿಂದಿರುಗಿದ. ದನಿ ಬಂದಿದೆ, ಮೊದಲಿನ ಅರ್ಧ. ಅವನೇ ಮೊದಲು ಬಯ್ಯುತ್ತಿದ್ದ ಸಣ್ಣ ಲೌಡ್‌ಸ್ಪೀಕರನ್ನು ಈಗ ಸೊಂಟಕ್ಕೆ ಕಟ್ಟಿಕೊಂಡು ಹರಾಜು ಹಾಕುತ್ತಾನೆ. "ಏನ್ ಲಮೀನ್ ಸಾಹೇಬ್ರೇ, ಬಸ್ ಕಂಡಕ್ಟರ್ ಆದ್ರಾ?" ಎಂದು ಮೀನು ಕೊಳ್ಳುವವರು ಕಿಚಾಯಿಸುತ್ತಾರೆ. ಅವನು ನಗುತ್ತಾನೆ. ಮೊದಲಾದರೆ ನಗುತ್ತಿರಲಿಲ್ಲ. ಮನೆಗೆ ಬಂದವನು ಮೀನಿನ ವಾಸನೆ ಹೋಗುವಂತೆ ಸ್ನಾನ ಮಾಡಿ, ನೇರ ಆ ಕೋಣೆಗೆ ಹೋಗುತ್ತಾನೆ. ಮರ್ಜಾನನ ಬಾಲ ಈಗ ಪೂರ್ತಿ ಕೆಂಪು. ರೆಕ್ಕೆ ತುಂಬಿದೆ. ಎದೆಯ ಒಂದು ಕಡೆ ಗರಿ ಬರಲೇ ಇಲ್ಲ, ಬೇರು ಸತ್ತಿರಬೇಕು, ಇನ್ನು ಬರುವುದಿಲ್ಲ ಎಂದು ಡಾಕ್ಟರ್ ಇನ್ಸಾಫ್ ಹೇಳಿದ್ದಾರೆ. ಲಮೀನನಿಗೆ ಅದರ ಚಿಂತೆಯಿಲ್ಲ. "ನನ್ನ ತಲೆ ನೋಡಿ ಡಾಕ್ಟ್ರೇ," ಎಂದನಂತೆ, ಬೋಳು ನೆತ್ತಿ ಸವರಿಕೊಂಡು.

ಹೋದ ತಿಂಗಳು ಕರ್ಕೆನ್ನಾದಲ್ಲಿ ಫತ್ತೂಮಾಳ ಅಣ್ಣನ ಮಗನ ಮದುವೆ ಇತ್ತು. ಹೋಗಲೇಬೇಕಿತ್ತು. ಗಿಳಿಯನ್ನು ನನ್ನ ಸುಪರ್ದಿಗೆ ಬಿಟ್ಟು, ಹಡಗುಕಟ್ಟೆಗೆ ಹೊರಟ ಲಮೀನ್ ಮೂರು ಸಲ ಹಿಂದಕ್ಕೆ ಬಂದ: ನೀರು ಬದಲಾಯಿಸು, ಕಿಟಕಿ ಹಾಕು, ಮೆಲ್ಲಗೆ ಮಾತಾಡು. ನನಗೆ, ಮೆಲ್ಲಗೆ ಮಾತಾಡು ಅಂತ ಲಮೀನ್ ಕರ್ರಾಯ್ ಹೇಳುವ ಕಾಲ ಬಂತು! ಅವರು ಇಲ್ಲದ ಎರಡು ದಿನ ಗಿಳಿ ನಾನು ಕೊಟ್ಟ ಸೌತೆಕಾಯಿ ತಿಂದಿತು, ನನ್ನನ್ನು ಒಂದು ಪೀಠೋಪಕರಣದಂತೆ ಕಂಡಿತು.

ಮೂರನೆಯ ದಿನ ಮಧ್ಯಾಹ್ನ ಬೀದಿಬಾಗಿಲು ಸದ್ದಾಯಿತು. ಲಮೀನ್ ಮದುವೆಯ ಸೂಟಿನಲ್ಲೇ, ಚೀಲವನ್ನು ಅಂಗಳದಲ್ಲೇ ಬಿಟ್ಟು ಬಂದ. ಗಿಳಿ ಅವನನ್ನು ನೋಡಿ ಗರಿ ಉಬ್ಬಿಸಿತು, ಉದ್ದಕ್ಕೆ ಸೀಟಿ ಹೊಡೆಯಿತು. ಅವನು ತೋಳು ಚಾಚಿದ. ಹತ್ತಿ ಬಂದದ್ದೇ ಬೆರಳಿಗೆ ಒಂದು ಸಣ್ಣ ಕಚ್ಚು ಕೊಟ್ಟಿತು, ರಕ್ತ ಬರದಷ್ಟು, ಗೊತ್ತಾಗುವಷ್ಟು. ಆಮೇಲೆ ತಲೆ ಪೂರ್ತಿ ಕೆಳಕ್ಕೆ ಬಗ್ಗಿಸಿ ಕತ್ತು ಒಡ್ಡಿ ನಿಂತಿತು.

"ನೋಡಿದ್ಯಾ ಮುನೀರಾ," ಎಂದ ಲಮೀನ್, ಕತ್ತಿನ ಗರಿಗಳನ್ನು ಉಗುರಿನಿಂದ ಸಣ್ಣಗೆ ಕೆರೆಯುತ್ತಾ. ಮುಖ ಅರಳಿ ಇಷ್ಟಗಲವಾಗಿತ್ತು. "ಯಾಕೆ ಬಿಟ್ಟು ಹೋದೆ ಅಂತ ಕೇಳ್ತಿದಾನೆ."

ಫತ್ತೂಮಾ ಹಿಂದಿನಿಂದ, ಮದುವೆಯ ಸಿಹಿಯ ಡಬ್ಬಗಳನ್ನು ಒಂದರ ಮೇಲೊಂದು ಹೊತ್ತು ಒಳಗೆ ಬಂದಳು.

"ಮೂರು ದಿನದ ಮದ್ವೆನ ಎರಡು ದಿನಕ್ಕೇ ಮುಗಿಸ್ಬಿಟ್ಟ ಕಣೇ ಈ ಮಾರಾಯ. ಮೊದಲನೇ ಹಡಗಿಗೇ ಹೊರಡ್ಬೇಕಂತೆ. ಬಾ, ಚಹಾ ಇಡು. ಬಾದಾಮಿ ಹಲ್ವ ಇದೆ, ಅವನಿಗೆ ಮಾತ್ರ ಕೊಡ್ಬೇಡ, ಸಕ್ಕರೆ ಆಗಲ್ಲ."

ಲಮೀನನಿಗೋ ಗಿಳಿಗೋ ಎಂದು ನಾನು ಕೇಳಿದೆ. ಇಬ್ಬರಿಗೂ ಎಂದಳು.